ನಂಬರಮ್ಮನ ಒಂಬತ್ತನೆಯ ಜಾಡಿ

ಆ ವಾರದ ಮೊದಲ ಮೂರು ದಿನವೂ ನಂಬರಮ್ಮ ನನ್ನ ಮನೆಗೆ ಬಂದಳು. ಮೂರು ಸಲವೂ ಕೂರದೆ ಹೋದಳು.

ಕೂರದೆ ಹೋಗುವುದು ಅವಳಿಗೆ ಹೊಸತಲ್ಲ. ಮೂವತ್ತೊಂದು ವರ್ಷದಿಂದ ಅವಳನ್ನು ಬಲ್ಲೆ. ಕುರ್ಚಿಗೆ ಬೆನ್ನು ಕೊಟ್ಟು ಕೂತದ್ದನ್ನು ಕಂಡಿಲ್ಲ. ಆದರೆ ಬಂದ ಕೆಲಸ ಹೇಳದೆ ಹೋಗುವ ಹೆಂಗಸಲ್ಲ ಅವಳು. ಸೋಮವಾರ ಸಂಜೆ ಬಂದವಳು ನನ್ನ ಬಾಗಿಲ ಚಿಲಕ ಸಡಿಲವಾಗಿದೆ ಎಂದಷ್ಟೇ ಹೇಳಿ ಹೋದಳು. ಮಂಗಳವಾರ ಪುಸ್ತಕದ ಕಪಾಟಿನ ಮುಂದೆ ನಿಂತು, ಮೂರನೆಯ ಸಾಲಿನಲ್ಲಿ ಅದಲುಬದಲಾಗಿದ್ದ ಎರಡು ಸಂಪುಟಗಳನ್ನು ಸರಿಮಾಡಿ ಹೋದಳು. ಬುಧವಾರ ಗೇಟಿನ ತನಕ ಹೋಗಿ ತಿರುಗಿ ಬಂದು, "ಮೇಡಂ, ನಂಬರ್ ಇಲ್ಲ ಅಂದ್ರೆ ಆ ವಸ್ತುನೇ ಇಲ್ಲ ಅಂತಾನಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನಡೆದುಬಿಟ್ಟಳು.

ನಮ್ಮ ವಸ್ತುಸಂಗ್ರಹಾಲಯ ದೊಡ್ಡದೇನಲ್ಲ. ಹಳೆಯ ಕಚೇರಿಯ ಕಟ್ಟಡ. ಕೆಳಗೆ ಆರು ಕೋಣೆ, ಮೇಲೆ ನಾಲ್ಕು, ಹಿಂದುಗಡೆ ಉಗ್ರಾಣ. ಸುತ್ತಲಿನ ಸೀಮೆಯ ನೇಕಾರರು, ಕಮ್ಮಾರರು, ಕುಂಬಾರರು, ಗೊಂಬೆ ಆಡಿಸುವವರು ಕೈಬಿಟ್ಟ ಸಾಮಾನು ಅಲ್ಲಿದೆ. ನಾನು ಅದರ ಮುಖ್ಯಸ್ಥೆಯಾಗಿದ್ದು ನಿವೃತ್ತಳಾಗಿ ಆರು ವರ್ಷವಾಯಿತು. ಹೊಸ ವಸ್ತು ಬಂದ ದಿನ ಅದಕ್ಕೊಂದು ನಂಬರು ಬರೆಯುವುದು ನಂಬರಮ್ಮನ ಕೆಲಸ; ಅವಳಿಗೆ ಆ ಹೆಸರು ಬಂದದ್ದೂ ಅದರಿಂದಲೇ. ಕಣ್ಣಿಗೆ ಬೀಳದ, ಆದರೆ ಕೈಗೆ ಸಿಗುವ ಜಾಗ ಹುಡುಕಬೇಕು: ಪಾತ್ರೆಗಾದರೆ ತಳ, ಗೊಂಬೆಗಾದರೆ ಪಾದದಡಿ, ಮಗ್ಗದ ಲಾಳಿಗಾದರೆ ಹೊಟ್ಟೆಯ ಒಳಭಾಗ. ಮೊದಲು ತೆಳ್ಳಗೆ ವಾರ್ನಿಷ್, ಒಣಗಿದ ಮೇಲೆ ಸಣ್ಣ ಕುಂಚದಲ್ಲಿ ಕಪ್ಪು ಶಾಯಿ, ಅದರ ಮೇಲೆ ಮತ್ತೆ ವಾರ್ನಿಷ್. ಬೇಡವೆಂದರೆ ವಸ್ತುವಿಗೆ ಗಾಯವಾಗದೆ ಅಳಿಸಲು ಬರಬೇಕು, ಬೇಕೆಂದರೆ ನೂರು ವರ್ಷ ಇರಬೇಕು. ಅಂಕಿ ಅಕ್ಕಿಕಾಳಿಗಿಂತ ದೊಡ್ಡದಾಗಬಾರದು.

ಬರೆಯುವಾಗ ಅವಳ ಕೈ ಕಲ್ಲು. ಮೇಜಿನ ಕೆಳಗೆ ಮಾತ್ರ ಎರಡು ಕಾಲೂ ಹೊಲಿಗೆ ಯಂತ್ರ ತುಳಿಯುವ ಹಾಗೆ ಕುಣಿಯುತ್ತಿದ್ದವು. "ಈಯಮ್ಮನ ಕಾಲಿಗೊಂದು ಡೈನಮೋ ಕಟ್ಟಿದ್ರೆ ಮ್ಯೂಸಿಯಂಗೆ ಕರೆಂಟ್ ಬಿಲ್ಲೇ ಬರ್ತಿರ್ಲಿಲ್ಲ" ಎಂದು ವಾಚ್‌ಮನ್ ಹೇಳುತ್ತಿದ್ದ. ಬರೆಯುವ ಕೆಲಸವಿಲ್ಲದಾಗ ಅವಳು ಕೋಣೆಯಿಂದ ಕೋಣೆಗೆ ಸುತ್ತುತ್ತಿದ್ದಳು, ಪೆಟ್ಟಿಗೆಗಳ ಗಾಜು ಒರೆಸುತ್ತಿದ್ದಳು, ಓರೆಯಾದ ಫಲಕವನ್ನು ನೇರ ಮಾಡಿ ಮತ್ತೆ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡುತ್ತಿದ್ದಳು. ಹನ್ನೊಂದು ಸಾವಿರಕ್ಕೂ ಮೇಲೆ ವಸ್ತುಗಳಿಗೆ ನಂಬರು ಬರೆದವಳು. ಒಂದೂ ತಪ್ಪಿಲ್ಲ ಎನ್ನುವುದು ಅವಳ ಹೆಮ್ಮೆ. ಅದನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ; ಬೇರೆಯವರು ಹೇಳಿದಾಗ ಬೇಡವೆನ್ನುತ್ತಲೂ ಇರಲಿಲ್ಲ. ನಿವೃತ್ತಿಗೆ ಎಂಟು ತಿಂಗಳು ಬಾಕಿ ಇತ್ತು.

ಹೊಸ ಅಧಿಕಾರಿ ಬಂದು ವರ್ಷವಾಗಿತ್ತು. ಚುರುಕಿನ ಮನುಷ್ಯ. ಕೆಳಗಿನ ಮೂರು ಕೋಣೆಗಳ ಗೋಡೆ ಒಡೆಸಿ, ನಮ್ಮ ಸೀಮೆಯ ಕೈಕೆಲಸಗಳಿಗೆಂದೇ ಒಂದು ದೊಡ್ಡ ಪ್ರದರ್ಶನಾಂಗಣ ಮಾಡಿಸಿದ್ದರು. ಮುಂದಿನ ಬುಧವಾರ ಉದ್ಘಾಟನೆ. ಕರಪತ್ರ ಅಚ್ಚಾಗಿತ್ತು, ಮುಖಪುಟದಲ್ಲಿ ನದಿ ಬೀದಿಯ ಕೊನೆಯ ಕುಂಬಾರನ ಎರಡು ಕಿವಿಯ ಜಾಡಿ, ನಂಬರು ನಾಲ್ಕು ಸಾವಿರದ ನೂರ ಹದಿನೇಳು. ಜೊತೆಗೆ ಇನ್ನೊಂದು ಆದೇಶವನ್ನೂ ಅವರು ಹೊರಡಿಸಿದ್ದರು. ಉಗ್ರಾಣದಲ್ಲಿ ಕಾಲಿಡಲು ಜಾಗವಿಲ್ಲ. ನಂಬರಿಲ್ಲದ ಮುರುಕಲು ಸಾಮಾನೆಲ್ಲ ಶುಕ್ರವಾರ ಮಧ್ಯಾಹ್ನದೊಳಗೆ ಲಾರಿಗೆ ಏರಬೇಕು, ಹಿಂದಿನ ಕಾಂಪೌಂಡ್ ಗೋಡೆಯ ಪಾಯಕ್ಕೆ ತುಂಬಲು. ಆದೇಶ ಅನ್ಯಾಯದ್ದಾಗಿರಲಿಲ್ಲ. ನಾನಿದ್ದಾಗಲೇ ಆ ಕೆಲಸ ಆಗಬೇಕಿತ್ತು.

ಲಾರಿಗೆ ಹೋಗುವ ಪ್ರತಿಯೊಂದನ್ನೂ ಕೊನೆಯ ಸಲ ತಿರುವಿ ನೋಡುವ ಜವಾಬ್ದಾರಿ ನಂಬರಮ್ಮನಿಗೆ ಬಿತ್ತು. ಸೋಮವಾರ ಮಧ್ಯಾಹ್ನ ಕೆಳಗಿನ ಕಪಾಟಿನ ಮೂಲೆಯಲ್ಲಿ, ಹಳದಿಗಟ್ಟಿದ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿತು. ಬಿಚ್ಚಿದಳು. ಕೆಂಪು ಮಣ್ಣಿನ ಜಾಡಿ, ಎರಡು ಕಿವಿ. ಅಭ್ಯಾಸಬಲದಿಂದ ಮೊದಲು ಬೋರಲು ಹಾಕಿ ತಳ ನೋಡಿದಳು, ನಂಬರಿಲ್ಲ. ಲಾರಿಯ ಗುಂಪಿಗೆ ಸೇರಿಸಲು ಎತ್ತುವಾಗ ಬಲಗಿವಿಯ ಬುಡದಲ್ಲಿ ಅವಳ ಹೆಬ್ಬೆರಳು ಒಂದು ಗುಳಿಗೆ ಇಳಿಯಿತು.

ಆ ಗುಳಿಯನ್ನು ಅವಳು ಓದಿದ್ದಳು. ಓದಿದ್ದಷ್ಟೇ ಅಲ್ಲ, ನನ್ನ ಟಿಪ್ಪಣಿ ನೋಡಿ ದಾಖಲೆ ಪುಸ್ತಕಕ್ಕೆ ತನ್ನ ಕೈಯಾರೆ ಇಳಿಸಿದ್ದಳು: "ಎರಡು ಕಿವಿಯ ಜಾಡಿ. ಬಲಗಿವಿಯ ಬುಡದಲ್ಲಿ ಹೆಬ್ಬೆರಳ ಒತ್ತು." ನಂಬರು ನಾಲ್ಕು ಸಾವಿರದ ನೂರ ಹದಿನೇಳು.

ಜಾಡಿಯನ್ನು ಕೆಳಗಿಟ್ಟು ಹೊಸ ಅಂಗಣಕ್ಕೆ ಓಡಿದಳು. ನಾಲ್ಕು ಸಾವಿರದ ನೂರ ಹದಿನೇಳು ಗಾಜಿನ ಪೆಟ್ಟಿಗೆಯಲ್ಲಿ, ಮೇಲಿನಿಂದ ಬೀಳುವ ಬೆಳಕಿನಲ್ಲಿ ಮದುಮಗನ ಹಾಗೆ ಕೂತಿತ್ತು. ಎರಡು ಕಿವಿಯೂ ನುಣುಪು. ಒತ್ತಿಲ್ಲ, ಗುಳಿಯಿಲ್ಲ. ತುದಿಗಾಲಲ್ಲಿ ನಿಂತು ಒಳಗೆ ಇಣುಕಿದಳು. ತಳದಿಂದ ಎರಡು ಬೆರಳು ಮೇಲೆ, ಸುತ್ತಲೂ ಒಂದು ಕಪ್ಪು ಗೆರೆ. ಅದು ಅವಳ ಕುಂಚ ನೆನೆಹಾಕುವ ಜಾಡಿ. ಹತ್ತೊಂಬತ್ತು ವರ್ಷದ ಹಿಂದೆ ಕಳೆದುಹೋದದ್ದು.

ಹತ್ತೊಂಬತ್ತು ವರ್ಷದ ಹಿಂದಿನ ಆ ದಿನ ಹೇಗೆ ನಡೆದಿರಬೇಕೆಂದು ಅವಳಿಗೆ ನಿಂತಲ್ಲೇ ಹೊಳೆಯಿತು. ನದಿ ಬೀದಿಯ ಕುಂಬಾರ ತೀರಿಕೊಂಡ ಮೇಲೆ, ಮಡಕೆ ಸುಡುವ ಆವಿಗೆಯನ್ನು ಕೆಡವುವ ಮೊದಲು ಅವನ ಮನೆಯಿಂದ ಒಂಬತ್ತು ಸಾಮಾನು ಆರಿಸಿ, ಒಂದೊಂದಕ್ಕೂ ಟಿಪ್ಪಣಿ ಬರೆದು, ಹುಲ್ಲು ತುಂಬಿದ ಬುಟ್ಟಿಯಲ್ಲಿ ಕಳಿಸಿದವಳು ನಾನು. ನಂಬರು ಬರೆಯುವುದು ತಳಕ್ಕಾದ್ದರಿಂದ ಅವಳು ಬುಟ್ಟಿಯಲ್ಲಿ ಕೈಗೆ ಸಿಕ್ಕದ್ದನ್ನೆಲ್ಲ ಉದ್ದ ಮೇಜಿನ ಮೇಲೆ ಬೋರಲು ಹಾಕಿದಳು. ಅವತ್ತು ಸೋಮವಾರ, ಸೋಮವಾರ ಅವಳು ಕುಂಚದ ಜಾಡಿ ತೊಳೆಯುವ ದಿನ. ಮಾರ್ಕೆಟ್ಟಿನಲ್ಲಿ ಕೊಂಡ ಆ ಜಾಡಿಯೂ ತೊಳೆಸಿಕೊಂಡು ಅದೇ ಮೇಜಿನ ತುದಿಯಲ್ಲಿ ಬೋರಲಾಗಿ ಒಣಗುತ್ತಿತ್ತು. ಬೋರಲು ಹಾಕಿದ ಮಣ್ಣಿನ ಜಾಡಿಗಳಿಗೆ ಮುಖವಿಲ್ಲ. ಅವಳು ಈ ತುದಿಯಿಂದ ಆ ತುದಿಗೆ ಒಂಬತ್ತು ತಳಗಳಿಗೆ ಒಂಬತ್ತು ನಂಬರು ಬರೆದಳು. ಬುಟ್ಟಿಯ ಜೊತೆ ಬಂದ ಚೀಟಿಯಲ್ಲಿ ಒಂಬತ್ತು, ಮೇಜಿನ ಮೇಲೆ ಒಂಬತ್ತು, ಲೆಕ್ಕ ಸರಿಹೋಯಿತು. ಕುಂಬಾರನ ಒಂಬತ್ತನೆಯ ಜಾಡಿ ಬುಟ್ಟಿಯ ಹುಲ್ಲಿನಡಿ ಉಳಿದಿತ್ತು.

ಲೆಕ್ಕ ಸರಿಹೋದದ್ದೇ ಕೇಡಾಯಿತು. ಎಂಟೋ ಹತ್ತೋ ಆಗಿದ್ದರೆ ಅವಳು ಬುಟ್ಟಿಯ ಹುಲ್ಲನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು.

ಮಾರನೆಯ ದಿನ ಒಂಬತ್ತೂ ಪೆಟ್ಟಿಗೆ ಸೇರಿದವು. ಬುಧವಾರ ಕುಂಚ ನೆನೆಹಾಕಲು ನೋಡಿದರೆ ಜಾಡಿಯಿಲ್ಲ. ನಂಬರಮ್ಮ ಯೋಚನೆ ಮಾಡಲಿಲ್ಲ. ಕಸ ಗುಡಿಸುವ ದೊಡ್ಡಕ್ಕನನ್ನು ಎಲ್ಲರೆದುರು ನಿಲ್ಲಿಸಿ, "ಮನೆಗೆ ಹೊತ್ಕೊಂಡು ಹೋಗಿದ್ದೀಯ, ನಾಳೆ ತಂದಿಡು" ಎಂದಳು. ದೊಡ್ಡಕ್ಕ ಎಲ್ಲರಿಗೂ ದೊಡ್ಡಕ್ಕ. ಅವಳ ವಯಸ್ಸು ಯಾರಿಗೂ ಗೊತ್ತಿಲ್ಲ, ಅವಳ ಬಾಯಿ ಎಲ್ಲರಿಗೂ ಗೊತ್ತು. ಅವತ್ತು ಮಾತ್ರ ಅವಳು ಬಾಯಿ ತೆರೆಯಲಿಲ್ಲ. ಮರುದಿನದಿಂದ ಇಡೀ ಕಟ್ಟಡ ಗುಡಿಸಿದಳು, ನಂಬರಮ್ಮನ ಮೇಜಿನ ಕೆಳಗೊಂದನ್ನು ಬಿಟ್ಟು. ಹತ್ತೊಂಬತ್ತು ವರ್ಷ ಪೊರಕೆ ಆ ಮೇಜಿನ ಕಾಲಿನವರೆಗೆ ಬಂದು ತಿರುಗಿಕೊಳ್ಳುತ್ತಿತ್ತು. ಮೇಜಿನ ಕೆಳಗಿನ ಕಸವನ್ನು ನಂಬರಮ್ಮನೇ ಗುಡಿಸಿಕೊಳ್ಳುತ್ತಿದ್ದಳು.

ಇನ್ನು ಆ ಜಾಡಿಯ ಫಲಕ. ಅದನ್ನು ಬರೆದವಳು ನಾನು. "ಕಿವಿಗಳ ನುಣುಪು ಪಳಗಿದ ಕೈಯ ಸಂಯಮವನ್ನು ತೋರಿಸುತ್ತದೆ. ಒಳಗಿನ ಕಪ್ಪು ಗೆರೆ ಧಾನ್ಯಕ್ಕೆ ಹುಳ ಹತ್ತದಿರಲೆಂದು ಹಿಡಿಯುತ್ತಿದ್ದ ಹೊಗೆಯ ಗುರುತು." ನನ್ನದೇ ಟಿಪ್ಪಣಿಯನ್ನು ತೆಗೆದು ನೋಡದೆ, ಎದುರಿಗಿದ್ದ ಜಾಡಿಯನ್ನು ನೋಡಿ ಬರೆದ ಮಾತು. ಶಾಲೆಯ ಮಕ್ಕಳು ಸಾಲುಗಟ್ಟಿ ನಿಂತು ಅದನ್ನು ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಒಬ್ಬರು ತಮ್ಮ ಸಂಶೋಧನಾ ಪ್ರಬಂಧದಲ್ಲಿ ಹೊಗೆಯ ಬಗ್ಗೆ ಮೂರು ಪುಟ ಬರೆದು ಪದವಿಯನ್ನೂ ಪಡೆದಿದ್ದಾರೆ.

ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ನಂಬರಮ್ಮ ಮೂರು ದಿನ ಓಡಾಡಿದಳು. ಬಾಯಿ ಬಿಟ್ಟರೆ ಮೂವತ್ತೊಂದು ವರ್ಷದ ಹೆಸರು ಹೋಗುತ್ತದೆ. ಬಿಡದಿದ್ದರೆ ಶುಕ್ರವಾರ ಕುಂಬಾರನ ಜಾಡಿ ಗೋಡೆಯ ಪಾಯಕ್ಕೆ ಹೋಗುತ್ತದೆ.

ಅವಳ ಗಂಡ ತಕ್ಕಡಿ ರಿಪೇರಿ ಮಾಡುವವರು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಇವಳಿಗೆ ತದ್ವಿರುದ್ಧ, ಕೂತರೆ ಕೂತರು, ಮುಳ್ಳು ನಡುವೆ ನಿಲ್ಲುವ ತನಕ ಉಸಿರು ಬಿಡುವ ಸದ್ದೂ ಕೇಳದು. ಮಂಗಳವಾರ ಸಂಜೆ ಅವರೇ ಮೊದಲು ಮಾತಾಡಿದರಂತೆ.

"ಏನಾಗಿದ್ಯೇ ನಿನಗೆ? ಅದೇ ತಟ್ಟೆನ ಮೂರನೇ ಸಲ ತೊಳೀತಿದ್ದೀಯ."

"ರೀ, ನೀವು ರಿಪೇರಿ ಮಾಡಿದ ತಕ್ಕಡಿ ಇಪ್ಪತ್ತು ವರ್ಷದಿಂದ ತಪ್ಪು ತೂಗ್ತಿದೆ ಅಂತ ಗೊತ್ತಾದ್ರೆ ಏನು ಮಾಡ್ತೀರಿ?"

"ಯಾರ ಅಂಗಡಿದು?"

"ಯಾರ್ದೋ ಒಂದು."

"ಗಿರಾಕಿ ಬದುಕಿದಾನಾ?"

"ತಮಾಷೆ ಬೇಡ. ನಾನು ಸಾಯ್ತಿದೀನಿ ಇಲ್ಲಿ."

ಹೇಳಿದಳು, ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ನಡೆಯುತ್ತಲೇ. ಅವರು ಎಲ್ಲ ಕೇಳಿಸಿಕೊಂಡು, "ಇದಕ್ಯಾಕೆ ಇಷ್ಟು ಒದ್ದಾಟ? ಹೊಸದಾಗಿ ಸಿಕ್ತು ಅಂತ ಅದಕ್ಕೊಂದು ಹೊಸ ನಂಬರ್ ಹಾಕ್ಬಿಡು. ಜಾಡಿನೂ ಉಳೀತು, ನಿನ್ನ ಹೆಸರೂ ಉಳೀತು" ಎಂದರು.

"ಮತ್ತೆ ಗಾಜಿನೊಳಗೆ ಇರೋದು?"

"ಅದು ಹತ್ತೊಂಬತ್ತು ವರ್ಷದಿಂದ ಆರಾಮಾಗಿದೆ. ಅದನ್ನ್ಯಾಕೆ ಎಬ್ಬಿಸ್ತೀಯ?"

ಬುಧವಾರ ಅವಳು ಹಾಗೆಯೇ ಮಾಡಲು ಕೂತಳು. ಜಾಡಿಯ ತಳಕ್ಕೆ ವಾರ್ನಿಷ್ ಹಚ್ಚಿದಳು. ಅದು ಒಣಗುವಷ್ಟರಲ್ಲಿ ದಾಖಲೆ ಪುಸ್ತಕ ತುಂಬೋಣವೆಂದು ಹೊಸ ಸಾಲಿಗೆ ನಂಬರು ಬರೆದಳು, ಎತ್ತರ ಬರೆದಳು, ಬಾಯಿಯ ಅಗಲ ಬರೆದಳು. ಮುಂದಿನ ಕಾಲಂ: ಎಲ್ಲಿಂದ ಬಂತು. ಅಲ್ಲಿ "ತಿಳಿಯದು" ಎಂದು ಬರೆಯಬೇಕು. ಎಲ್ಲಿಂದ ಬಂತೆಂದು ಅವಳಿಗೆ ಬೀದಿ, ಮನೆ, ವಾರ ಸಮೇತ ತಿಳಿದಿತ್ತು. "ತಿ" ಎಂದು ಬರೆದು ನಿಲ್ಲಿಸಿದಳು. ನಿಬ್ಬಿನಲ್ಲಿ ಶಾಯಿ ಒಣಗಿತು.

ಪೊರಕೆ ಮೇಜಿನ ಕಾಲಿನವರೆಗೆ ಬಂದು ನಿಂತಿತು. "ಏನಮ್ಮ, ಕಾಲು ಸತ್ತುಹೋಯ್ತಾ?" ಎಂದಳು ದೊಡ್ಡಕ್ಕ. ಹತ್ತೊಂಬತ್ತು ವರ್ಷದಲ್ಲಿ ಅವಳು ನಂಬರಮ್ಮನೊಡನೆ ತಾನಾಗಿ ಆಡಿದ ಮೊದಲ ಮಾತು. ನಂಬರಮ್ಮ ಬಗ್ಗಿ ನೋಡಿಕೊಂಡಳು. ಕಾಲು ನಿಜಕ್ಕೂ ನಿಂತುಹೋಗಿತ್ತು.

ಗುರುವಾರ ಬೆಳಿಗ್ಗೆ ನಾಲ್ಕನೆಯ ಸಲ ನನ್ನ ಮನೆಗೆ ಬಂದಳು. ಈ ಸಲ ಬಾಗಿಲಲ್ಲೇ ಶುರುಮಾಡಿ, ಹಜಾರದ ಉದ್ದಕ್ಕೂ ನಡೆಯುತ್ತ ಎಲ್ಲವನ್ನೂ ಹೇಳಿದಳು. ಅವಳು ಮುಗಿಸಿದಾಗ ನಾನು ಕೇಳಿದ ಮೊದಲ ಪ್ರಶ್ನೆ ಜಾಡಿಯ ಬಗ್ಗೆ ಇರಲಿಲ್ಲ. ಅದನ್ನಿಲ್ಲಿ ಬರೆದಿಡಬೇಕು.

"ಇದನ್ನ ಇನ್ಯಾರಿಗೆ ಹೇಳಿದ್ದೀಯ?" ಎಂದು ಕೇಳಿದೆ.

"ನಮ್ಮ ಯಜಮಾನ್ರಿಗೆ. ಈಗ ನಿಮಗೆ."

"ಒಳಗಿನ ಕಪ್ಪು ಗೆರೆ?"

"ಶಾಯಿ, ಮೇಡಂ."

"ಹೊಗೆ ಅಲ್ಲ?"

"ಬಾಟಲಿ ಶಾಯಿ. ವರ್ಷಕ್ಕೆ ಹನ್ನೆರಡು ಬಾಟಲಿ ನೀವೇ ಸಹಿ ಹಾಕಿ ಕೊಡಿಸ್ತಿದ್ರಿ."

"ಫಲಕ ಹಾಕಿದ ದಿನ ನೀನಾದ್ರೂ ನೋಡಿ ಹೇಳಬಾರದಿತ್ತೇ?"

ಅವಳು ನಡೆಯುವುದನ್ನು ನಿಲ್ಲಿಸಿದಳು. "ಫಲಕ ಬಂದ್ಮೇಲೆ ಜಾಡಿ ಯಾರು ನೋಡ್ತಾರೆ ಮೇಡಂ? ನಾನೂ ಫಲಕನೇ ಓದ್ದೆ."

ಸೀರೆ ಬದಲಿಸಿಕೊಂಡು ಅವಳ ಜೊತೆ ಹೊರಟೆ.

ಅಧಿಕಾರಿ ಇಬ್ಬರ ಮಾತನ್ನೂ ಕೇಳಿದರು. ಮೇಜಿನ ಮೇಲೆ ಕರಪತ್ರದ ಕಟ್ಟುಗಳು ಆಳೆತ್ತರ ಇದ್ದವು. "ಮೇಡಂ, ಉದ್ಘಾಟನೆಗೆ ಆರು ದಿನ ಇದೆ. ಒಂದು ಬೆರಳಿನ ಗುಳಿ ನಂಬಿ ನಾನು ಮುಖಪುಟ ಬದಲಾಯಿಸ್ಲಾ? ಗುಳಿ ಯಾವ ಜಾಡಿಗೆ ಬೇಕಾದ್ರೂ ಬೀಳುತ್ತೆ" ಎಂದರು. ನಂಬರಮ್ಮನ ಕಡೆ ತಿರುಗಿ, "ನೀವು ತಪ್ಪು ಮಾಡಿದ್ದೀರಿ ಅಂತ ನಂಬೋದೇ ಕಷ್ಟ. ಇಲ್ಲಿ ಎಲ್ಲರೂ ನಿಮ್ಮ ನಂಬರ್ ಮೇಲೇ ನಿಂತಿರೋದು" ಎಂದರು.

"ಅದಕ್ಕೇ ಹೇಳ್ತಿರೋದು ಸರ್" ಎಂದಳು ಅವಳು.

"ಗುರುತು ಹಿಡಿಯೋರು ಯಾರಾದ್ರೂ ಇದ್ದಾರಾ?"

ಕುಂಬಾರನಿಗೆ ಒಬ್ಬ ಮಗಳಿದ್ದಾಳೆ, ಆಸ್ಪತ್ರೆಯಲ್ಲಿ ನರ್ಸು. ಉದ್ಘಾಟನೆಯ ದಿನ ಮೊದಲ ಸಾಲಿನಲ್ಲಿ ಕೂರಿಸಲು ಅವಳಿಗೆ ಆಮಂತ್ರಣ ಹೋಗಿತ್ತು. ಲಾರಿ ಬರುವ ಮೊದಲು ಅವಳನ್ನು ಕರೆತಂದರೆ ನೋಡೋಣ ಎಂದರು ಅಧಿಕಾರಿ.

ಶುಕ್ರವಾರ ಬೆಳಿಗ್ಗೆ ಪಾಳಿ ಮುಗಿಯುವುದನ್ನು ಕಾದು, ಆಸ್ಪತ್ರೆಯ ಗೇಟಿನ ಎದುರು ಒಂದು ಗಂಟೆ ಶತಪಥ ಹಾಕಿ, ನಂಬರಮ್ಮ ಅವಳನ್ನು ಆಟೋದಲ್ಲಿ ಕರೆತಂದಳು. ಬಂದವಳು ದಪ್ಪ ಜಡೆಯ, ಕಣ್ಣು ಕೆಂಪಾದ ಹೆಂಗಸು. ಉಗ್ರಾಣದ ಬಾಗಿಲಲ್ಲಿ ಆಗಲೇ ಲಾರಿ ಹಿಮ್ಮುಖವಾಗಿ ನಿಂತಿತ್ತು.

"ಹನ್ನೊಂದಕ್ಕೆಲ್ಲ ಬಿಡ್ತೀರಾ? ನನಗೆ ನಿದ್ದೆ ಇಲ್ಲ" ಎಂದಳು.

ಎರಡು ಜಾಡಿಗಳನ್ನೂ ಮೇಜಿನ ಮೇಲೆ ಇಟ್ಟಿದ್ದೆವು. ಯಾವುದು ಯಾವುದೆಂದು ಹೇಳಕೂಡದು ಎಂದು ಅಧಿಕಾರಿ ಮೊದಲೇ ತಾಕೀತು ಮಾಡಿದ್ದರು. ನಂಬರಮ್ಮ ಗೋಡೆಗೆ ಆತು ನಿಂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ನರ್ಸು ಗಾಜಿನೊಳಗಿಂದ ತಂದದ್ದನ್ನು ಎತ್ತಿ, ಬೆರಳಿನಿಂದ ಒಮ್ಮೆ ತಟ್ಟಿ, ಕೆಳಗಿಟ್ಟಳು. "ಇದು ನಮ್ಮದಲ್ಲ. ಇಂಥ ದಪ್ಪ ತಳ ಬೇರೆಯವರು ಇಟ್ಟಿದ್ದು ಕಂಡ್ರೂ ಅಪ್ಪ ಬಾಯಿಗೆ ಬಂದ ಹಾಗೆ ಬೈತಿದ್ರು."

ಎರಡನೆಯದನ್ನು ನೋಡಲೂ ಇಲ್ಲ. ಅದರ ಬಲಗಿವಿಯ ಬುಡಕ್ಕೆ ಹೆಬ್ಬೆರಳಿಟ್ಟಳು. "ಇದು ಅಮ್ಮಂದು."

"ನಿಮ್ಮ ತಂದೆಯವರದು ಅಲ್ವಾ?" ಎಂದರು ಅಧಿಕಾರಿ.

"ಜಾಡಿ ಅಪ್ಪಂದು. ಕಿವಿ ಅಮ್ಮಂದು. ಅಪ್ಪ ಚಕ್ರ ಬಿಟ್ಟು ಏಳ್ತಾನೇ ಇರ್ಲಿಲ್ಲ. ಕಿವಿ ಅಂಟಿಸೋದು, ಒಣಗ್ಸೋದು, ಸುಡೋದು ಎಲ್ಲಾ ಅಮ್ಮನೇ. ಅಮ್ಮನ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಇರ್ಲಿಲ್ಲ; ಬಾಗಿಲಿಗೆ ಸಿಕ್ಕಿ ಹೋಗಿತ್ತು. ಇಲ್ಲಿ ನೋಡಿ, ಉಗುರಿನ ಗೀರು ಅರ್ಧಕ್ಕೇ ನಿಂತಿದೆ."

ಅಧಿಕಾರಿ ಭೂತಗನ್ನಡಿ ತಂದು ನೋಡಿದರು. ಆಮೇಲೆ ನನಗೆ ಕೊಟ್ಟರು. ಗೀರು ಅರ್ಧಕ್ಕೇ ನಿಂತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ನಾನು ಅದನ್ನು "ಒತ್ತು" ಎಂದು ಬರೆದು ಮುಂದಿನ ಜಾಡಿಗೆ ಹೋಗಿದ್ದೆ. ಯಾರ ಬೆರಳೆಂದು ಕೇಳಿರಲಿಲ್ಲ. ಕುಂಬಾರನ ಹೆಂಡತಿ ಅವತ್ತು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದಳು. ನನಗೆ ನೀರು ಕೊಟ್ಟವಳೂ ಅವಳೇ.

"ಧಾನ್ಯಕ್ಕೆ ಹುಳ ಬೀಳದ ಹಾಗೆ ಒಳಗೆ ಹೊಗೆ ಹಿಡೀತಿದ್ರಾ ನಿಮ್ಮ ಮನೇಲಿ?" ಎಂದು ಕೇಳಿದೆ. ಕೇಳಿ ಮುಗಿಸಬೇಕಿತ್ತು.

"ಹೊಗೆನಾ?" ನರ್ಸು ನನ್ನ ಮುಖ ನೋಡಿದಳು. "ಯಾತಕ್ಕೆ? ಹೊಗೆ ಹಿಡಿದ ಜಾಡಿ ಯಾರು ತಗೋತಾರೆ?"

ಅಧಿಕಾರಿ ಕರಪತ್ರದ ಕಟ್ಟುಗಳ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಸರಿ. ಮುಖಪುಟದ ಮೇಲೆ ಬೇರೆ ಚಿತ್ರ ಅಂಟಿಸೋಣ. ಆದ್ರೆ ದಾಖಲೆ ಪುಸ್ತಕದಲ್ಲಿ ತಪ್ಪು ಯಾರಿಂದ ಆಯ್ತು ಅಂತ ಬರೀಬೇಕಾಗುತ್ತೆ" ಎಂದರು. ಗದರಿಕೆಯಿಲ್ಲದೆ, ಸ್ವಲ್ಪ ಮುಜುಗರದಿಂದಲೇ ಹೇಳಿದರು.

"ನಾನೇ ಬರೀತೀನಿ" ಎಂದಳು ನಂಬರಮ್ಮ. "ಆದ್ರೆ ಮಾಡಿದವರು ಅನ್ನೋ ಕಾಲಂನಲ್ಲಿ ಗಂಡ ಹೆಂಡ್ತಿ ಇಬ್ಬರ ಹೆಸರೂ ಬರೀತೀನಿ."

"ಆ ಕಾಲಂ ಒಂದು ಹೆಸರಿಗೇ ಸಾಕಾಗೋದಿಲ್ಲ."

"ಕಾಲಂ ಚಿಕ್ಕದು ಸರ್. ನನ್ನ ಅಕ್ಷರ ಅದಕ್ಕಿಂತ ಚಿಕ್ಕದು."

ಬರೆದಳು. ಬುಧವಾರದ ಅರ್ಧ ಸಾಲನ್ನು ಹೊಡೆದುಹಾಕಿ, ಹಳೆಯ ಸಾಲಿನಲ್ಲೇ ಎರಡು ಹೆಸರನ್ನೂ ಹಿಡಿಸಿದಳು. ಕೆಳಗೆ, "ಈ ನಂಬರನ್ನು ಬೇರೆ ಜಾಡಿಗೆ ಬರೆದದ್ದು ನನ್ನ ತಪ್ಪು" ಎಂದು ಬರೆದು ಸಹಿ ಹಾಕಿದಳು. ನಾನು ಪೆನ್ನು ಇಸಿದುಕೊಂಡು, "ಟಿಪ್ಪಣಿ ನೋಡದೆ ಫಲಕ ಬರೆದದ್ದು ನನ್ನ ತಪ್ಪು" ಎಂದು ಸೇರಿಸಿದೆ. ನರ್ಸು ಅಷ್ಟರಲ್ಲಿ ಹೊರಟುಹೋಗಿದ್ದಳು, ಹನ್ನೊಂದಾಗಿತ್ತು.

ಕುಂಬಾರನ ಜಾಡಿಯ ತಳಕ್ಕೆ ಅದರ ನಂಬರು ಬಿತ್ತು. ಉಳಿದದ್ದು ಕುಂಚದ ಜಾಡಿ. ನಂಬರಮ್ಮ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅದರ ತಳ ಒರೆಸಿದಳು. ನಾಲ್ಕು ಅಂಕಿಗಳೂ ನಾಲ್ಕು ಒರೆತಕ್ಕೆ ಹೋದವು. ಈಗ ಅದಕ್ಕೆ ನಂಬರಿಲ್ಲ. ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ.

ದೊಡ್ಡಕ್ಕ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ಅವಳ ನಿಲುವೇ ಹೇಳುತ್ತಿತ್ತು. ನಂಬರಮ್ಮ ಜಾಡಿಯನ್ನು ಕೈಯಲ್ಲಿ ಹಿಡಿದೇ ಅವಳ ಎದುರು ಹೋಗಿ ನಿಂತಳು.

"ದೊಡ್ಡಕ್ಕ, ಅವತ್ತು ನೀನು ಜಾಡಿ ತಗೊಂಡು ಹೋಗಿರ್ಲಿಲ್ಲ."

"ಅದು ನನಗೆ ಅವತ್ತೇ ಗೊತ್ತಿತ್ತು."

"ನನ್ನಿಂದ ತಪ್ಪಾಯ್ತು."

"ಎಷ್ಟು ವರ್ಷ ಆಯ್ತು?"

"ಹತ್ತೊಂಬತ್ತು."

"ಹತ್ತೊಂಬತ್ತು ವರ್ಷಕ್ಕೆ ಒಂದೇ ಸಲ ಹೇಳಿದ್ರೆ ಸಾಕಾಗುತ್ತಾ?"

ನಂಬರಮ್ಮ ಎರಡನೆಯ ಸಲ ಹೇಳಿದಳು. ಮೂರನೆಯದಕ್ಕೆ ಬಾಯಿ ತೆರೆದಾಗ ದೊಡ್ಡಕ್ಕ ಕೈಯೆತ್ತಿ ತಡೆದಳು. "ಸಾಕು, ನನಗೂ ಕೆಲಸ ಇದೆ. ಈಗ ನಾನೊಂದು ಹೇಳ್ತೀನಿ ಕೇಳು. ಆ ಇನ್ನೊಂದು ಜಾಡಿ ಸುತ್ತಿ ಇಟ್ಟಿದ್ದು ನಾನೇ. ಬುಟ್ಟಿ ಹುಲ್ಲು ಎಸೆಯೋಕೆ ಹೋದಾಗ ಸಿಕ್ತು. ಹೇಳೋಣ ಅಂತ ನಿನ್ನ ಹತ್ರ ಬಂದೆ. ಬಂದ ತಕ್ಷಣ ನೀನು ನನ್ನ ಕಳ್ಳಿ ಅಂದೆ. ಇದನ್ನೂ ತೋರಿಸಿದ್ರೆ ಇದನ್ನೂ ಕದ್ದು ಸಿಕ್ಕಿಬಿದ್ಲು ಅಂತಿದ್ದೆ. ಪೇಪರಲ್ಲಿ ಸುತ್ತಿ ಕಪಾಟಿನ ಮೂಲೆಗೆ ತಳ್ಳಿದೆ. ನೀನಾಗೇ ಹುಡುಕ್ಕೋ ಅಂತ."

"ಆಮೇಲಾದ್ರೂ ಹೇಳಬಹುದಿತ್ತಲ್ಲ."

"ನೀನು ಆಮೇಲಾದ್ರೂ ಕೇಳಬಹುದಿತ್ತಲ್ಲ."

ಅಧಿಕಾರಿ ಗಂಟಲು ಸರಿಪಡಿಸಿಕೊಂಡು, ನಂಬರಿಲ್ಲದ್ದನ್ನು ಲಾರಿಗೆ ಹಾಕಿಸಬೇಕೆಂದರು. ದೊಡ್ಡಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿದಳು. ನಂಬರಮ್ಮನ ಕೈಯಿಂದ ಜಾಡಿ ತೆಗೆದುಕೊಂಡು ಸೊಂಟಕ್ಕೆ ಏರಿಸಿಕೊಂಡಳು.

"ಲಾರಿಗೆ ಯಾಕೆ ಸಾಹೇಬ್ರೇ? ಮನೆಗೆ ಹೊತ್ಕೊಂಡು ಹೋದೆ ಅಂತ ಹತ್ತೊಂಬತ್ತು ವರ್ಷದಿಂದ ಅನ್ನಿಸ್ಕೊಂಡಿದ್ದೀನಿ. ಇವತ್ತು ಹೊತ್ಕೊಂಡು ಹೋಗ್ತೀನಿ."

ಅಧಿಕಾರಿ ನನ್ನನ್ನು ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ.

ಬುಧವಾರ ಉದ್ಘಾಟನೆ ನಡೆಯಿತು. ಭಾಷಣಗಳು ಉದ್ದವಾಗಿದ್ದವು. ಹೊಸ ಫಲಕದಲ್ಲಿ ಎರಡು ಹೆಸರು, ಊರು, ಅಳತೆ, ಅರ್ಧ ಉಗುರಿನ ಗೀರು ಎಲ್ಲಿದೆಯೆಂಬ ಸೂಚನೆ, ಇಷ್ಟೇ ಬರೆದಿದ್ದೆ. ಸಂಯಮದ ಮಾತಿರಲಿಲ್ಲ. ನರ್ಸು ಬಂದು ಫಲಕವನ್ನು ಎರಡು ಸಲ ಓದಿ, ಪೆಟ್ಟಿಗೆಯ ಗಾಜು ಒರೆಸುತ್ತಿದ್ದ ನಂಬರಮ್ಮನಿಗೆ ತಲೆ ಆಡಿಸಿ ಹೋದಳು.

ಇದಾದ ಮೇಲೆ ನಂಬರಮ್ಮ ಸ್ವಲ್ಪ ನೆಮ್ಮದಿಯಿಂದ ಕೂರುತ್ತಾಳೆಂದು ಅವಳ ಗಂಡ ಎಣಿಸಿದ್ದರು. ಆಗಲಿಲ್ಲ. ಒಂದು ತಪ್ಪು ಸಿಕ್ಕ ಮೇಲೆ ಉಳಿದ ಹನ್ನೊಂದು ಸಾವಿರದ ಮೇಲೂ ಅವಳಿಗೆ ನಂಬಿಕೆ ಹೋಗಿದೆ. ಉದ್ಘಾಟನೆಯ ಮರುದಿನವೇ ನಂಬರು ಒಂದರಿಂದ ಶುರುಮಾಡಿದಳು. ಪ್ರತಿಯೊಂದನ್ನೂ ಎತ್ತಿ, ಮೊದಲು ಮುಖ ನೋಡಿ, ದಾಖಲೆ ಪುಸ್ತಕದ ಸಾಲನ್ನು ಗಟ್ಟಿಯಾಗಿ ಓದಿ, ಕೊನೆಗೆ ತಳ ನೋಡುತ್ತಾಳೆ. ದಿನಕ್ಕೆ ಐವತ್ತರಿಂದ ಅರವತ್ತು. ನಿವೃತ್ತಿಯ ದಿನದೊಳಗೆ ಮುಗಿಯಲಾರದು. ಆಮೇಲೂ ಬರುತ್ತೇನೆಂದು ಈಗಲೇ ಅಧಿಕಾರಿಗೆ ಅರ್ಜಿ ಕೊಟ್ಟಿದ್ದಾಳೆ.

ಹೋದ ವಾರ ನಾನು ಹೋದಾಗ ಅವಳು ಮೂರು ಸಾವಿರದ ಆಸುಪಾಸಿನಲ್ಲಿದ್ದಳು. ಮೇಜಿನ ಕೆಳಗೆ ಕಾಲು ಎಂದಿನ ಹಾಗೆ ಕುಣಿಯುತ್ತಿತ್ತು. ಪೊರಕೆ ಮೇಜಿನ ಕಾಲಿನವರೆಗೆ ಬಂತು.

"ಕಾಲೆತ್ತು" ಎಂದಳು ದೊಡ್ಡಕ್ಕ.

ನಂಬರಮ್ಮ ಓದುವುದನ್ನು ನಿಲ್ಲಿಸದೆ ಕಾಲೆತ್ತಿದಳು. ಆಮೇಲೆ ನನ್ನ ಕಡೆ ತಿರುಗಿ, ಕಪಾಟಿನ ಮೇಲೆ ಬೇರೆಯಾಗಿ ಇಟ್ಟಿದ್ದ ಒಂದು ಕುಡುಗೋಲನ್ನು ತೋರಿಸಿದಳು. ದಾಖಲೆಯಲ್ಲಿ ಅದು "ಹಿಡಿ ಬಾಗಿ ವಕ್ರವಾದದ್ದು" ಎಂದಿದೆ. ಅವಳು ಅದನ್ನು ಎಡಗೈಯಲ್ಲಿ ಹಿಡಿದು ತೋರಿಸಿದಳು. ಹಿಡಿ ಸರಿಯಾಗಿ ಕೂತಿತು. ಎಡಗೈಯವರಿಗೆಂದೇ ಕಮ್ಮಾರ ಬಡಿದು ಕೊಟ್ಟ ಕುಡುಗೋಲು.

"ಇದರ ಟಿಪ್ಪಣಿ ಯಾರದು?" ಎಂದು ಕೇಳಿದೆ, ಗೊತ್ತಿದ್ದೂ.

"ಪೆನ್ನು ಇಲ್ಲೇ ಇದೆ ಮೇಡಂ" ಎಂದಳು.